ಹೊಳೆಯ ಕಲ್ಲು ಬಿಟ್ಟಿ ಮಾಲಲ್ಲ

ಕಳೆದ ಬೇಸಿಗೆಯ ಒಂದು ಭಾನುವಾರ. ಹುಣಸೂರು ತಾಲ್ಲೂಕಿನಲ್ಲಿ ಲಕ್ಷ್ಮಣತೀರ್ಥದ ನೀರು ಮೊಣಕಾಲಿಗಿಂತ ಕೆಳಗೆ ಇಳಿದಿತ್ತು. ದಡದಲ್ಲೊಂದು ಕಾರು, ಡಿಕ್ಕಿ ತೆರೆದಿತ್ತು. ಒಳಗೆ ಗೊಬ್ಬರದ ಚೀಲದ ತುಂಬ ನುಣುಪು ಕಲ್ಲು. ಅದರ ಮೇಲೆ ಜಿಂಕೆ ಕೊಂಬಿನಂತೆ ಕವಲೊಡೆದ ಒಣ ಬೇರು. ನಮ್ಮ ಕಡೆಯ ಇಬ್ಬರು ಹುಡುಗರು ಪ್ಯಾಂಟು ಮಡಚಿಕೊಂಡು ಇನ್ನೊಂದು ಚೀಲ ತುಂಬುತ್ತಿದ್ದರು.

"ಏನ್ ಸಾರ್ ಇದು?" ಎಂದು ಕೇಳಿದೆ.

"ಮನೇಲಿ ಅಕ್ವೇರಿಯಂ ಇದೆ, ಅದಕ್ಕೆ. ಸುಮ್ನೆ ಬಿದ್ದಿತ್ತಲ್ಲ" ಎಂದರು.

ಈ "ಸುಮ್ನೆ ಬಿದ್ದಿತ್ತು" ಅನ್ನುವ ಮಾತಿನ ಮೇಲೇ ನನ್ನ ತಕರಾರು.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿದ್ದಾಗ ನಾನೂ ಚುಂಚನಕಟ್ಟೆಯಿಂದ ಹತ್ತು ಹನ್ನೆರಡು ಕಲ್ಲು ತಂದು ಬಕೆಟ್ಟಿನಲ್ಲಿ ನೆನೆಹಾಕಿದ್ದೆ. ಬೆಳಿಗ್ಗೆ ನೋಡಿದರೆ ನೀರಿನ ಮೇಲೆಲ್ಲ ಸಣ್ಣ ಸಣ್ಣ ಹುಳು ಸತ್ತು ತೇಲುತ್ತಿದ್ದವು. ಕಲ್ಲು ತಂದೆ ಅಂದುಕೊಂಡಿದ್ದೆ. ತಂದದ್ದು ಯಾರದೋ ಮನೆ.

ನೀವೇ ಪರೀಕ್ಷೆ ಮಾಡಿ. ಹರಿಯುವ ನೀರಿನಲ್ಲಿರುವ ಒಂದು ಕಲ್ಲನ್ನು ಮೆಲ್ಲಗೆ ಮಗುಚಿ ನೋಡಿ, ಆಮೇಲೆ ಇದ್ದ ಹಾಗೇ ಇಟ್ಟುಬಿಡಿ. ಅಡಿಯಲ್ಲಿ ಚಪ್ಪಟೆ ಮೈಯ, ಬಾಲ ಸೀಳಿದಂಥ ಪುಟ್ಟ ಹುಳು ಓಡುತ್ತದೆ. ಅದು ಮೇಫ್ಲೈ ಎಂಬ ಕೀಟದ ಮರಿ. ರೆಕ್ಕೆ ಬಂದ ಮೇಲೆ ಅದು ಬದುಕುವುದು ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ. ಅದರ ಉಳಿದ ಬಾಳೆಲ್ಲ ನೀರಿನೊಳಗೆ, ಇಂಥ ಕಲ್ಲುಗಳ ಆಸರೆಯಲ್ಲಿ. ಪಕ್ಕದಲ್ಲೇ ಮರಳಿನ ಕಣ ಅಂಟಿಸಿ ಕಟ್ಟಿದ ಸಣ್ಣ ಕೊಳವೆ ಕಾಣಬಹುದು. ಅದು ಕ್ಯಾಡಿಸ್ ಹುಳುವಿನ ಮನೆ. ಈ ಹುಳುಗಳನ್ನು ತಿಂದು ಮೀನು ಬೆಳೆಯುತ್ತದೆ. ನಳ್ಳಿ ಅಡಗುವುದು, ಸೀಗಡಿ ಮರಿ ಬಚ್ಚಿಟ್ಟುಕೊಳ್ಳುವುದು, ಕೆಲವು ಮೀನು ಮೊಟ್ಟೆ ಅಂಟಿಸುವುದು ಇದೇ ಕಲ್ಲಿನ ಸಂದಿಯಲ್ಲಿ. ಸಂಜೆ ಗಾಳ ಹಾಕಿ ಒಂದು ಹೊತ್ತಿನ ಸಾರಿಗೆ ಮೀನು ತರುವವರು ಇದನ್ನು ಯೋಚಿಸಬೇಕು.

ನೀರಿನಿಂದ ಹೊರಗಿರುವ ಕಲ್ಲೂ ಖಾಲಿಯಲ್ಲ. ಬೇಸಿಗೆಯಲ್ಲಿ ಹೊಳೆ ಇಳಿದಾಗ ನದಿ ರೀವ, ಬಂಡೆಗೊರವದಂಥ ಹಕ್ಕಿಗಳು ನಡುಗಡ್ಡೆಯ ಮರಳು, ಕಲ್ಲಿನ ಮೇಲೇ ಮೊಟ್ಟೆ ಇಡುತ್ತವೆ. ಮರದ ಮೇಲೆ ಗೂಡು ಕಟ್ಟುವ ಪದ್ಧತಿ ಅವಕ್ಕಿಲ್ಲ. ಮೊಟ್ಟೆಯ ಬಣ್ಣವೂ ಕಲ್ಲಿನಂತೆಯೇ. ಕಲ್ಲು ಆಯುವವರು ಬರುವುದೂ ಅದೇ ಬೇಸಿಗೆಯಲ್ಲಿ. ಕಾಲಡಿ ಏನು ಒಡೆಯಿತು ಅಂತ ಅವರಿಗೆ ಗೊತ್ತೂ ಆಗುವುದಿಲ್ಲ.

ಇನ್ನು ಒಣ ಮರ. ಬೀಚನಹಳ್ಳಿಯಲ್ಲಿ ಕಬಿನಿಗೆ ಕಟ್ಟೆ ಕಟ್ಟಿದ್ದು 1974ರಲ್ಲಿ. ಆಗ ಮುಳುಗಿದ ಕಾಡಿನ ಒಣ ಕಾಂಡಗಳು ಇಂದಿಗೂ ಹಿನ್ನೀರಿನಲ್ಲಿ ನಿಂತಿವೆ. ಸತ್ತು ಅರ್ಧ ಶತಮಾನವಾದರೂ ಅವಕ್ಕೆ ಬಿಡುವಿಲ್ಲ. ನೀರುಕಾಗೆ ರೆಕ್ಕೆ ಒಣಗಿಸುವುದು, ಮೀನು ಹಿಡಿಯುವ ಹದ್ದು ಕಾದು ಕೂರುವುದು ಅವುಗಳ ಮೇಲೇ. ಸಫಾರಿಗೆ ದುಡ್ಡು ಕೊಟ್ಟು ಬಂದವರು ಫೋಟೊ ತೆಗೆಯುವುದೂ ಅದನ್ನೇ. ಹೊಳೆಯೊಳಗೆ ಬಿದ್ದ ಬೇರು, ದಿಮ್ಮಿಗೂ ಇಂಥದೇ ಕೆಲಸವಿದೆ. ನೀರಿನ ಓಟ ತಡೆದು ಹಿಂದೆ ಮಡು ಮಾಡುತ್ತದೆ, ಮರಿಮೀನಿಗೆ ಮರೆಯಾಗುತ್ತದೆ, ಆಮೆಗೆ ಬಿಸಿಲು ಕಾಯಿಸುವ ಜಗಲಿಯಾಗುತ್ತದೆ.

"ಮುಂದಿನ ಆಷಾಢಕ್ಕೆ ಹೊಳೆ ಬಂದರೆ ಮತ್ತೆ ಹೊಸ ಕಲ್ಲು ಬರುತ್ತೆ ಬಿಡಿ" ಎನ್ನುವವರಿದ್ದಾರೆ. ಎಲ್ಲಿಂದ ಬರಬೇಕು? ಮೇಲಿನಿಂದ ಉರುಳಿ ಬರುವ ಕಲ್ಲು, ಮರಳು ಅಣೆಕಟ್ಟೆಯ ಹಿಂದೆಯೇ ಕೂತುಬಿಡುತ್ತದೆ. ಕಬಿನಿ ಕಟ್ಟೆಯಿಂದ ಕೆಳಗೆ ಇರುವ ಹೊಳೆಗೆ ಮೇಲಿನ ಕಲ್ಲು ದಾಟಿ ಬರುವ ದಾರಿಯೇ ಇಲ್ಲ. ಕಟ್ಟೆಯೇ ಇಲ್ಲದ ಕಡೆಯೂ ಒಂದು ಚೂಪುಗಲ್ಲು ನುಣುಪಾಗುವುದು ಒಂದು ಮಳೆಗಾಲದ ಕೆಲಸವಲ್ಲ. ನಮ್ಮ ತಾತನ ತಾತನೂ ನೋಡದಷ್ಟು ಕಾಲ ಬೇಕು.

ಈಗ ಕಾನೂನು. ರಾಷ್ಟ್ರೀಯ ಉದ್ಯಾನದೊಳಗಿನಿಂದ ಅನುಮತಿಯಿಲ್ಲದೆ ಅರಣ್ಯ ಉತ್ಪನ್ನ ಸಾಗಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಾಗರಹೊಳೆ ನಮ್ಮ ಹುಣಸೂರು, ಎಚ್.ಡಿ. ಕೋಟೆಯ ಪಕ್ಕದಲ್ಲೇ ಇದೆ. ಕಾಡಿನ ಒಣಮರ ಮಾತ್ರವಲ್ಲ, ಕಾಡಿನಿಂದ ತಂದ ಕಲ್ಲು, ಮಣ್ಣು ಕೂಡ ಅರಣ್ಯ ಉತ್ಪನ್ನವೇ. ಕಾಡಿನ ಆಚೆಯ ಹೊಳೆಯ ಕಲ್ಲು, ಮರಳೂ ಯಾರ ಅಪ್ಪನ ಆಸ್ತಿಯೂ ಅಲ್ಲ, ಸರ್ಕಾರದ ಲೆಕ್ಕದಲ್ಲಿ ಅದು ಉಪಖನಿಜ.

ಆದರೆ ಈ ಕಾನೂನು ಯಾರನ್ನು ಹಿಡಿಯುತ್ತದೆ ನೋಡಿ. ಕೋಟೆ ಕಡೆಯ ಹಾಡಿಯ ಹೆಂಗಸು ಒಂದು ತಲೆಹೊರೆ ಪುಳ್ಳೆ ತರಬೇಕಾದರೆ ಯಾರಾದರೂ ನೋಡಿಯಾರೇ ಎಂದು ಹೆದರಿಕೊಂಡೇ ನಡೆಯಬೇಕು. ಆಕೆಗೆ ಅದು ರಾತ್ರಿಯ ಊಟದ ಬೆಂಕಿ. ಕಾರಿನಲ್ಲಿ ಬಂದವರು ಅದೇ ಮರವನ್ನು ಹಾಲಿನಲ್ಲಿಟ್ಟು ಲೈಟು ಬಿಡಲು ಒಯ್ಯುತ್ತಾರೆ. ಅವರ ಡಿಕ್ಕಿ ತೆಗೆಸುವವರು ಎಷ್ಟು ಜನ? ಹೊಟ್ಟೆಪಾಡಿನವರನ್ನು ಗದರಿಸಿ, ಅಲಂಕಾರದವರಿಗೆ ದಾರಿ ಬಿಡುವ ಕಾವಲು ಎಂಥ ಕಾವಲು?

ಇದನ್ನು ಹೇಳಿದರೆ ಎರಡು ಉತ್ತರ ಸಿದ್ಧವಾಗಿರುತ್ತವೆ.

ಒಂದು, "ರಾತ್ರಿ ಟ್ರ್ಯಾಕ್ಟರ್‌ನಲ್ಲಿ ಮರಳು ಹೋಗುತ್ತೆ, ಅದನ್ನು ಕೇಳೋಲ್ಲ, ನನ್ನ ನಾಲ್ಕು ಕಲ್ಲು ಕೇಳ್ತೀರಾ?" ಮರಳು ದಂಧೆ ಇದಕ್ಕಿಂತ ಸಾವಿರ ಪಾಲು ದೊಡ್ಡ ಕಳ್ಳತನ, ಒಪ್ಪಿದೆ. ಆದರೆ ಭಾನುವಾರ ಡಿಕ್ಕಿ ತುಂಬಿಸಿಕೊಂಡವನು ಸೋಮವಾರ ಮರಳಿನ ಟ್ರ್ಯಾಕ್ಟರ್ ತಡೆಯಲು ಯಾವ ಬಾಯಲ್ಲಿ ಹೋಗುತ್ತಾನೆ? ಮರಳಿನವನು ತಿರುಗಿಸಿ ಹೇಳುವ ಮಾತೂ "ಸುಮ್ನೆ ಬಿದ್ದಿತ್ತು" ಎಂಬುದೇ.

ಎರಡು, "ನಿಮ್ಮ ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ಲೋಡುಗಟ್ಟಲೆ ಸೌದೆ ಸುರಿಯುತ್ತೀರಲ್ಲ?" ಈ ಮಾತು ನಮಗೆ ಚುಚ್ಚುತ್ತದೆ, ಚುಚ್ಚಲಿ. ಹುಣಸೂರು, ಪಿರಿಯಾಪಟ್ಟಣದವರಾದ ನಾವು ಅದಕ್ಕೂ ಉತ್ತರ ಹುಡುಕಲೇಬೇಕು. ಆದರೆ ಒಂದು ತಪ್ಪು ಇನ್ನೊಂದಕ್ಕೆ ಲೈಸೆನ್ಸ್ ಆಗುವುದಿಲ್ಲ.

ಮೀನು ಸಾಕುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಮಕ್ಕಳು ಮೀನು ನೋಡುತ್ತಾ ಕೂರುವುದು ಮೊಬೈಲ್ ನೋಡುತ್ತಾ ಕೂರುವುದಕ್ಕಿಂತ ಒಳ್ಳೆಯದೇ. ಆದರೆ ಅದಕ್ಕೆ ಹೊಳೆ ಬರಿದು ಮಾಡಬೇಕಿಲ್ಲ. ಹೊಳೆಯ ಮಾಲು ತೊಟ್ಟಿಗೆ ಅಷ್ಟು ಒಳ್ಳೆಯದೂ ಅಲ್ಲ. ಕಲ್ಲಿನಲ್ಲಿ ಸುಣ್ಣವಿದ್ದರೆ ನೀರು ಗಡುಸಾಗುತ್ತದೆ. ಅರ್ಧ ಕೊಳೆತ ಮರ ತೊಟ್ಟಿಯಲ್ಲಿ ಪೂರ್ತಿ ಕೊಳೆತು ಮೀನನ್ನೇ ಕೊಲ್ಲುತ್ತದೆ. ಬೇರಿನ ಸಂದಿಯಲ್ಲಿ ಬಸವನಹುಳು, ಜಿಗಣೆ ಒಳಗೆ ಬರುತ್ತವೆ.

ಬದಲಿಗೆ ನಮ್ಮ ಹಿತ್ತಲಲ್ಲೇ ಏನಿದೆ ನೋಡಿ. ಅರ್ಧ ತೆಂಗಿನ ಚಿಪ್ಪನ್ನು ಉಜ್ಜಿ, ಕುದಿಸಿ, ಬಾಗಿಲಿನಂತೆ ತೂತು ಮಾಡಿ ಬೋರಲು ಹಾಕಿದರೆ ಮೀನಿಗೆ ಗವಿ. ಬಣ್ಣ ಬಳಿಯದ ಒಡೆದ ಮಡಕೆ, ಹಳೇ ಹೆಂಚಿನ ಚೂರೂ ಆಗುತ್ತದೆ. ಉಳುವಾಗ ಎದ್ದು ಬದುವಿಗೆ ಬಿದ್ದ ಕಲ್ಲು ತೊಳೆದು ಹಾಕಿ. ಮೊದಲು ನಿಂಬೆರಸ ಹಿಂಡಿ ನೋಡಿ, ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ಬೇಡ. ಕೀಟನಾಶಕ ಹೊಡೆಯುವ ಹೊಗೆಸೊಪ್ಪಿನ ಹೊಲದ ಕಲ್ಲಂತೂ ಬೇಡವೇ ಬೇಡ. ಮರವೇ ಬೇಕೆಂದರೆ ಸೀಬೆಯ ಒಣ ಕೊಂಬೆ ಇದೆ, ಕಾಫಿ ತೋಟದಲ್ಲಿ ಕಿತ್ತು ಹಾಕಿದ ಹಳೇ ಗಿಡದ ಬುಡವಿದೆ. ಔಷಧಿ ಹೊಡೆಯದ ಗಿಡದ್ದಾಗಿರಲಿ. ತೊಗಟೆ ತೆಗೆದು, ಚೆನ್ನಾಗಿ ಒಣಗಿಸಿ, ನೀರಿಗೆ ಡಿಕಾಕ್ಷನ್ ಬಣ್ಣ ಬಿಡುವುದು ಕಡಿಮೆಯಾಗುವ ತನಕ ಕೆಲವು ವಾರ ನೆನೆಸಿ. ಶಾಲೆಯ ಅಂಗಳದಲ್ಲಿ ಉದುರುವ ಕಾಡುಬಾದಾಮಿಯ ಒಣ ಎಲೆಯನ್ನು ಅಕ್ವೇರಿಯಂ ಅಂಗಡಿಗಳಲ್ಲಿ ದುಡ್ಡಿಗೆ ಮಾರುತ್ತಾರೆ. ನಾವು ಗುಡಿಸಿ ಬೆಂಕಿ ಹಾಕುತ್ತೇವೆ.

ಕೊನೆಯ ಮಾತು ಆ ಚೀಲ ತುಂಬುವ ಹುಡುಗರಿಗೆ. ತಮ್ಮಂದಿರೇ, ನಿಮಗೆ ಕೊಡುವ ನೂರಿನ್ನೂರು ರೂಪಾಯಿ ಕಲ್ಲಿನ ಬೆಲೆಯಲ್ಲ. ನಾಳೆ ಯಾರಾದರೂ ಹಿಡಿದರೆ ಕಾರು ಮೈಸೂರು ಸೇರಿರುತ್ತದೆ, ಹೊಳೆಯಲ್ಲಿ ನಿಂತು ಸಿಕ್ಕಿಬೀಳುವವರು ನೀವು. ಮಾರಲೇಬೇಕೆಂದರೆ ಚಿಪ್ಪು, ಕಾಫಿ ಬುಡ, ಬಾದಾಮಿ ಎಲೆ ಮಾರಿ.

ಊರಿನವರಿಗೂ ಒಂದು ಕೆಲಸವಿದೆ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಎನ್ನುತ್ತದೆ 2002ರ ಕಾಯ್ದೆ. ನಿಮ್ಮಲ್ಲಿ ಅದರ ಸದಸ್ಯರು ಯಾರು ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಹೊಳೆಗೆ ಇಳಿಯುವ ದಾರಿಯಲ್ಲಿ "ಇಲ್ಲಿಂದ ಕಲ್ಲು, ಮರ ಒಯ್ಯಬಾರದು" ಎಂದು ಒಂದು ಬೋರ್ಡು ಹಾಕಿಸಿ. ಬೋರ್ಡು ಬರುವ ತನಕ, ಡಿಕ್ಕಿ ತೆರೆದ ಕಾರು ಕಂಡರೆ ಹತ್ತಿರ ಹೋಗಿ ಮರ್ಯಾದೆಯಿಂದಲೇ ಹೇಳಿ: "ಸಾರ್, ಅದು ಸುಮ್ನೆ ಬಿದ್ದಿರೋದಲ್ಲ. ಇದ್ದ ಕಡೆಯೇ ಇಟ್ಬಿಡಿ."