ಅನುದಾನದ ಹಾದಿ: ಸಣ್ಣ ಸಂಸ್ಥೆಗಳಿಗೆ ಅರ್ಜಿಯೇ ಅಡ್ಡಗೋಡೆ

ಮಾರ್ಚ್ ಸಮೀಪಿಸುತ್ತಿದ್ದಂತೆ ಕಂಪನಿಗಳ ಸಿಎಸ್‌ಆರ್ ವಿಭಾಗಗಳಲ್ಲಿ ಹಣ ಖರ್ಚು ಮಾಡುವ ಧಾವಂತ ಆರಂಭವಾಗುತ್ತದೆ. ಆರ್ಥಿಕ ವರ್ಷದ ಕೊನೆಗೆ ಉಳಿಯುವ ಮೊತ್ತವು ಚಾಲ್ತಿಯಲ್ಲಿರುವ ಯೋಜನೆಗೆ ಸೇರಿದ್ದರೆ ಪ್ರತ್ಯೇಕ ಖಾತೆಗೆ, ಇಲ್ಲವಾದಲ್ಲಿ ಕಾಯ್ದೆ ಸೂಚಿಸಿರುವ ಸರ್ಕಾರಿ ನಿಧಿಗೆ ವರ್ಗಾವಣೆಯಾಗಬೇಕು ಎಂಬ ನಿಯಮವೇ ಇದಕ್ಕೆ ಕಾರಣ. ಅದೇ ಹೊತ್ತಿಗೆ ಯಾವುದೋ ತಾಲ್ಲೂಕು ಕೇಂದ್ರದ ಬಾಡಿಗೆ ಕೊಠಡಿಯಲ್ಲಿ ಕೂಲಿಕಾರರ ಮಕ್ಕಳಿಗೆ ಸಂಜೆ ಪಾಠ ನಡೆಸುವ ಸಂಸ್ಥೆಯ ಕಾರ್ಯದರ್ಶಿ, ಇಬ್ಬರು ಶಿಕ್ಷಕಿಯರಿಗೆ ಬಾಕಿ ಉಳಿದ ಗೌರವಧನ ಹೊಂದಿಸಲು ಪರದಾಡುತ್ತಿರುತ್ತಾರೆ. ಅಲ್ಲಿ ಹಣವಿದೆ, ಇಲ್ಲಿ ಅಗತ್ಯವಿದೆ. ಆದರೂ ಎರಡೂ ಸಂಧಿಸುವುದು ಅಪರೂಪ.

2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕು. ಆದರೆ ಕಂಪನಿಯು ಕಾರ್ಯಾಚರಿಸುವ ಪ್ರದೇಶ ಮತ್ತು ಅದರ ಸುತ್ತಮುತ್ತಲಿನ ಊರುಗಳಿಗೆ ಆದ್ಯತೆ ನೀಡಬೇಕೆಂದೂ ಅದೇ ಕಲಂ ಹೇಳುತ್ತದೆ. ಕೈಗಾರಿಕೆಗಳೇ ವಿರಳವಾಗಿರುವ ಯಾದಗಿರಿಯಂತಹ ಜಿಲ್ಲೆಗೆ ಇದರಿಂದ ಸಿಗುವುದೇನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ರಾಜ್ಯದಿಂದ ಮಹತ್ವಾಕಾಂಕ್ಷಿ ಜಿಲ್ಲೆಗಳೆಂದು ಆಯ್ಕೆ ಮಾಡಿದ್ದು ರಾಯಚೂರು ಮತ್ತು ಯಾದಗಿರಿಯನ್ನೇ.

ಅರ್ಜಿ ಸಲ್ಲಿಸಲು ಮುಂದಾಗುವ ಸಂಸ್ಥೆಗೆ ಮೊದಲು ಎದುರಾಗುವುದು ದಾಖಲೆಗಳ ಸರಮಾಲೆ. ಸಂಘ ಅಥವಾ ಟ್ರಸ್ಟ್‌ನ ನೋಂದಣಿ ಪತ್ರ, 12ಎ ಹಾಗೂ 80ಜಿ ಎಂಬ ಹಳೆಯ ಹೆಸರುಗಳಿಂದಲೇ ಪರಿಚಿತವಾದ ಆದಾಯ ತೆರಿಗೆ ನೋಂದಣಿಗಳು, ಪ್ಯಾನ್, ನೀತಿ ಆಯೋಗದ ದರ್ಪಣ್ ಸಂಖ್ಯೆ, ಲೆಕ್ಕಪರಿಶೋಧಿತ ವರದಿಗಳು. ಸಿಎಸ್‌ಆರ್ ಹಣ ಪಡೆಯಬೇಕಾದರೆ ಇವುಗಳ ಜೊತೆಗೆ 2021ರ ಏಪ್ರಿಲ್ 1ರಿಂದ ಕಡ್ಡಾಯವಾಗಿರುವ ಸಿಎಸ್‌ಆರ್-1 ನೋಂದಣಿಯೂ ಬೇಕು. ಅದಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಅಥವಾ ಕಂಪನಿ ಸೆಕ್ರೆಟರಿಯಂತಹ ವೃತ್ತಿಪರರೊಬ್ಬರ ದೃಢೀಕರಣ ಅಗತ್ಯ. ವರ್ಷಕ್ಕೆ ಒಂದೆರಡು ಲಕ್ಷ ರೂಪಾಯಿಯಲ್ಲಿ ನಡೆಯುವ ಸಂಸ್ಥೆಗೆ ಈ ಶುಲ್ಕಗಳೇ ಒಬ್ಬ ಶಿಕ್ಷಕಿಯ ಕೆಲವು ತಿಂಗಳ ಗೌರವಧನಕ್ಕೆ ಸಮನಾಗಬಹುದು.

ಇದಕ್ಕಿಂತಲೂ ಬಿಗಿಯಾದುದು ಅನುಭವದ ಷರತ್ತು. ಕಂಪನಿಯೊಂದಿಗೆ ಸಂಬಂಧವಿಲ್ಲದ ಹೊರಗಿನ ಸಂಸ್ಥೆಯು ಅದೇ ಬಗೆಯ ಚಟುವಟಿಕೆಯಲ್ಲಿ ಕನಿಷ್ಠ 3 ವರ್ಷ ತೊಡಗಿರಬೇಕು ಎಂದು ಸಿಎಸ್‌ಆರ್ ನಿಯಮಗಳು ಹೇಳುತ್ತವೆ. ಕೆಲಸ ಮಾಡಿ ತೋರಿಸದೆ ಹಣವಿಲ್ಲ, ಹಣವಿಲ್ಲದೆ ಕೆಲಸವಿಲ್ಲ. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಆ ಮೂರು ವರ್ಷಗಳನ್ನು ಸಣ್ಣ ಸಂಸ್ಥೆ ದಾಟುವುದು ಸಾಮಾನ್ಯವಾಗಿ ಊರಿನ ದಾನಿಗಳ ನೂರು, ಐನೂರು ರೂಪಾಯಿಗಳಿಂದಲೇ. ಆ ಹಣಕ್ಕೆ ರಸೀದಿ ಹರಿಯದಿದ್ದರೆ ಮಾಡಿದ ಕೆಲಸಕ್ಕೂ ಪುರಾವೆ ಉಳಿಯುವುದಿಲ್ಲ.

ಹಿಂದೆ ಇದಕ್ಕೊಂದು ಒಳದಾರಿಯಿತ್ತು. ಬೆಂಗಳೂರು ಅಥವಾ ದೆಹಲಿಯ ದೊಡ್ಡ ಸಂಸ್ಥೆಯೊಂದು ವಿದೇಶಿ ಪ್ರತಿಷ್ಠಾನದಿಂದ ಅನುದಾನ ಪಡೆದು, ಅದರಲ್ಲೊಂದು ಪಾಲನ್ನು ವಿದೇಶಿ ದೇಣಿಗೆ ನೋಂದಣಿ ಹೊಂದಿದ್ದ ಹಳ್ಳಿಗಾಡಿನ ಸಂಸ್ಥೆಗಳಿಗೆ ಹಂಚುತ್ತಿತ್ತು. ವರದಿ ಬರೆಯುವ ಹೊಣೆ ಬಹುಪಾಲು ದೊಡ್ಡವರದು, ಊರಿನ ಕೆಲಸ ಚಿಕ್ಕವರದು. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ತಂದ ತಿದ್ದುಪಡಿ ಈ ಹಂಚಿಕೆಯನ್ನು ಸಂಪೂರ್ಣ ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ಹೊಸದಾಗಿ ನೋಂದಣಿ ಬಯಸುವವರು 3 ವರ್ಷಗಳಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ವ್ಯಯಿಸಿರಬೇಕೆಂಬ ನಿಯಮವೂ ಅದೇ ವರ್ಷ ಬಂತು. ದುರುಪಯೋಗ ತಡೆಯುವುದು ಸರ್ಕಾರ ನೀಡಿದ ಕಾರಣ. ಆದರೆ ಪೆಟ್ಟು ಹೆಚ್ಚಾಗಿ ಬಿದ್ದದ್ದು ಸ್ವಂತ ಬಲದಿಂದ ವಿದೇಶಿ ದಾನಿಯನ್ನು ತಲುಪಲಾರದ ಸಂಸ್ಥೆಗಳ ಮೇಲೆ ಎಂಬುದನ್ನು ಅಲ್ಲಗಳೆಯಲಾಗದು.

ಅನುದಾನ ದೊರೆತ ಬಳಿಕವೂ ತೊಡಕು ಮುಗಿಯುವುದಿಲ್ಲ. ಅನೇಕ ದಾನಿಗಳು ಪುಸ್ತಕ, ಹೊಲಿಗೆ ಯಂತ್ರ, ಶೌಚಾಲಯಕ್ಕೆ ಹಣ ಕೊಡಲು ಸಿದ್ಧರಿರುತ್ತಾರೆ. ಲೆಕ್ಕ ಬರೆಯುವವರ ಸಂಬಳ, ಕಚೇರಿ ಬಾಡಿಗೆ, ಬಸ್ ಪ್ರಯಾಣ ವೆಚ್ಚ ಎಂದೊಡನೆ ಹಿಂಜರಿಯುತ್ತಾರೆ. ಭಾರತದ ಸ್ವಯಂಸೇವಾ ಸಂಸ್ಥೆಗಳ ವೆಚ್ಚದ ಸ್ವರೂಪವನ್ನು ಅಧ್ಯಯನ ಮಾಡಿದ ಬ್ರಿಡ್ಜ್‌ಸ್ಪ್ಯಾನ್ ಗ್ರೂಪ್, ಇಂತಹ ಪರೋಕ್ಷ ವೆಚ್ಚ ಸಂಸ್ಥೆಯಿಂದ ಸಂಸ್ಥೆಗೆ ಶೇ 5ರಿಂದ ಶೇ 51ರವರೆಗೆ ಬದಲಾಗುವುದನ್ನು ಗುರುತಿಸಿತ್ತು. ಎಲ್ಲರಿಗೂ ಒಂದೇ ಅಳತೆಗೋಲು ಹಿಡಿಯುವ ಪದ್ಧತಿ ಹಾಗಾಗಿ ಪ್ರಶ್ನಾರ್ಹ. ಗುಮಾಸ್ತರಿಗೆ ಸಂಬಳ ಕೊಡದೆ ಅಚ್ಚುಕಟ್ಟಾದ ಲೆಕ್ಕ ಕೇಳುವುದು ಯಾವ ನ್ಯಾಯ?

ಭಾಷೆಯ ಪ್ರಶ್ನೆ ಬೇರೆಯೇ ಇದೆ. ಹಟ್ಟಿಯ ಹೆಂಗಸರನ್ನು ಸಂಘಟಿಸಬಲ್ಲ ಕಾರ್ಯಕರ್ತೆ ಇಂಗ್ಲಿಷ್‌ನಲ್ಲಿ ‘ಔಟ್‌ಪುಟ್’ ಯಾವುದು, ‘ಔಟ್‌ಕಮ್’ ಯಾವುದು ಎಂದು ಬೇರ್ಪಡಿಸಿ ಬರೆಯಲಾರದೆ ಸೋಲುತ್ತಾಳೆ. ಪರಿಣಾಮವಾಗಿ ಅರ್ಜಿ ಬರೆದುಕೊಡುವವರನ್ನು ಆಶ್ರಯಿಸಬೇಕಾಗುತ್ತದೆ. ಅವರು ಬರೆದ ಪ್ರಸ್ತಾವನೆಯಲ್ಲಿ ಊರು ಯಾವುದೆಂದೇ ಗುರುತು ಹತ್ತದಂತಾಗುತ್ತದೆ. ಇದು ಅನಿವಾರ್ಯವೇನೂ ಅಲ್ಲ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ತನ್ನ ‘ಕಲಿ-ಕಲಿಸು’ ಯೋಜನೆಯಡಿ ಸರ್ಕಾರಿ ಶಾಲಾ ಶಿಕ್ಷಕರಿಂದ ಕನ್ನಡದಲ್ಲೇ ಪ್ರಸ್ತಾವನೆ ಸ್ವೀಕರಿಸಿ ಅನುದಾನ ನೀಡಿದ ಉದಾಹರಣೆ ಕಣ್ಣೆದುರಿಗಿದೆ. ಕನ್ನಡ ನೆಲದಲ್ಲಿ ಲಾಭ ಗಳಿಸುವ ಕಂಪನಿಗಳಿಗೆ ಇದು ಅಸಾಧ್ಯವಾಗಬಾರದು.

ದೋಷವೆಲ್ಲ ಕೊಡುವವರದೇ ಎನ್ನುವಂತೆಯೂ ಇಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಪ್ರತಿ ವರ್ಷ ಮಹಾಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿ ಹಾಗೂ ಲೆಕ್ಕಪತ್ರಗಳನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ವರ್ಷಗಟ್ಟಲೆ ಮರೆತು, ಅನುದಾನದ ಸುದ್ದಿ ಕಿವಿಗೆ ಬಿದ್ದ ಮೇಲೆ ಹಳೆಯ ನಡಾವಳಿಗಳನ್ನೆಲ್ಲ ಒಂದೇ ರಾತ್ರಿಯಲ್ಲಿ, ಒಂದೇ ಪೆನ್ನಿನಲ್ಲಿ ಬರೆದು ಮುಗಿಸುವ ಸಂಘಗಳಿಗೆ ಕೊರತೆಯಿಲ್ಲ. ಅಧ್ಯಕ್ಷರು, ಖಜಾಂಚಿ, ಕಾರ್ಯದರ್ಶಿ ಮೂವರೂ ಒಂದೇ ಮನೆಯವರಾಗಿರುವ ಸಂಸ್ಥೆಯನ್ನು ಕಂಡು ದಾನಿ ಹಿಂದೆ ಸರಿದರೆ ತಪ್ಪೆನ್ನಲಾಗದು.

ಒಂದಿಷ್ಟು ನೆಮ್ಮದಿ ಸಿಕ್ಕಿರುವುದು ತೆರಿಗೆ ನೋಂದಣಿಯ ವಿಷಯದಲ್ಲಿ. 2021ರಿಂದ ಐದು ವರ್ಷಕ್ಕೊಮ್ಮೆ ನವೀಕರಿಸಬೇಕಿದ್ದ 12ಎ ನೋಂದಣಿಯ ಅವಧಿಯನ್ನು, 5 ಕೋಟಿ ರೂಪಾಯಿವರೆಗಿನ ವಾರ್ಷಿಕ ಆದಾಯದ ಸಂಸ್ಥೆಗಳಿಗೆ 2025ರ ಹಣಕಾಸು ಕಾಯ್ದೆ 10 ವರ್ಷಕ್ಕೆ ವಿಸ್ತರಿಸಿದೆ. ಅನುಭವದ ಷರತ್ತಿನಲ್ಲಿ ಇಂತಹ ರಿಯಾಯಿತಿ ಇಲ್ಲ. ಸ್ವಂತ ನಿಧಿಯಿಂದ ಅನುದಾನ ಕೊಡುವ ಖಾಸಗಿ ಪ್ರತಿಷ್ಠಾನಗಳಿಗೆ ಮಾತ್ರ ಸಿಎಸ್‌ಆರ್ ನಿಯಮದ ಈ ಕಟ್ಟು ಇಲ್ಲ. ಮೊದಲ ಮೂರು ವರ್ಷದ ಸಂಸ್ಥೆಗೆ ಅವರು ಬಾಗಿಲು ತೆರೆಯಬಹುದು, ಕಚೇರಿ ಬಾಡಿಗೆಗೂ ಹಣ ಕೊಡಬಹುದು, ಬೇಡವೆನ್ನುವ ಕಾನೂನಿಲ್ಲ.