ಕಾಯುವವರಿಗೂ ವಿಶ್ರಾಂತಿ ಬೇಕು

ಚಿಕ್ಕಪೇಟೆಯ ಸಗಟು ಅಂಗಡಿಗಳು ರಾತ್ರಿ ಬಾಗಿಲೆಳೆದ ಮೇಲೆ ಬೀದಿಯ ಹೊಣೆ ಕಾವಲುಗಾರನದು. ಬೆಳಗಾದೊಡನೆ ಅವನ ಪಾಳಿ ಮುಗಿಯುತ್ತದೆ. ಆದರೆ ಇಂದು ಅದೇ ಅಂಗಡಿಗಳ ಹಣ, ಲೆಕ್ಕ, ಗಿರಾಕಿಗಳ ವಿವರ ಎಲ್ಲವೂ ಕಂಪ್ಯೂಟರುಗಳಲ್ಲಿವೆ. ಅವುಗಳನ್ನು ಕಳ್ಳರಿಂದ ಕಾಯುವ ಸೈಬರ್ ಭದ್ರತಾ ನೌಕರರ ಪಾಳಿಗೆ ಕೊನೆಯೆಂಬುದೇ ಇಲ್ಲ. ಈ ನಗರದಲ್ಲಿ ಅಂಥವರು ಅನೇಕರಿದ್ದಾರೆ. ನಮ್ಮ ಕುಟುಂಬಗಳ ಮಕ್ಕಳೂ ಅವರಲ್ಲಿದ್ದಾರೆ.

ಇವರ ಪರದೆಯ ಮೇಲೆ ಎಚ್ಚರಿಕೆಯ ಸೂಚನೆಗಳು ಎಡೆಬಿಡದೆ ಮೂಡುತ್ತವೆ. ಅನೇಕವು ಹುಸಿ, ಆದರೂ ಯಾವುದನ್ನೂ ಕಡೆಗಣಿಸುವಂತಿಲ್ಲ. ತಡೆದ ನೂರು ದಾಳಿಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ತಪ್ಪಿಹೋದ ಒಂದಕ್ಕೆ ಎಲ್ಲರೂ ಬೆರಳು ತೋರುತ್ತಾರೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳ ಮೇಲೆ ದಾಳಿಯಾದಾಗ ಹಲವು ದಿನ ಅಲ್ಲಿನ ಕೆಲಸ ಕೈಬರಹದಲ್ಲೇ ಸಾಗಬೇಕಾಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು, ಇಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ನಿರ್ದೇಶಿಸಿತ್ತು. ಜನಹಿತಕ್ಕೆ ಬೇಕಾದ ನಿಯಮವೇ ಅದು. ಆದರೆ ಆ 6 ಗಂಟೆ ನಡುರಾತ್ರಿಯಲ್ಲೂ ಆರಂಭವಾಗಬಹುದು, ಭಾನುವಾರದ ಬಲಿಪೂಜೆಯ ಹೊತ್ತಿನಲ್ಲೂ ಆರಂಭವಾಗಬಹುದು.

ಹೀಗೆ ದುಡಿದವರು ಕ್ರಮೇಣ ಒಳಗೇ ಬತ್ತುತ್ತಾರೆ. ಇಂಗ್ಲಿಷಿನಲ್ಲಿ ಬರ್ನ್‌ಔಟ್ ಎನ್ನುವ ಈ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ವಿವರಿಸಿತು. ಶಕ್ತಿ ಬತ್ತುವುದು, ಕೆಲಸದ ಮೇಲೆ ಜಿಗುಪ್ಸೆ, ದಕ್ಷತೆ ಕುಂದುವುದು ಎಂಬ ಮೂರು ಲಕ್ಷಣಗಳನ್ನು ಹೇಳಿತು. ಇದು ರೋಗವಲ್ಲ, ಸರಿಯಾಗಿ ನಿಭಾಯಿಸದ ಉದ್ಯೋಗದ ಒತ್ತಡದ ಫಲ ಎಂದೂ ಸ್ಪಷ್ಟಪಡಿಸಿತು. ಎಂದಮೇಲೆ ಇದನ್ನು ನೌಕರನ ದೌರ್ಬಲ್ಯವೆಂದು ಕರೆಯುವುದು ಅನ್ಯಾಯ.

ಮನಸ್ಥೈರ್ಯದ ಶಿಬಿರಗಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಾಲ್ವರ ಕೆಲಸವನ್ನು ಇಬ್ಬರ ಹೆಗಲಿಗೇರಿಸಿ ಸ್ಥೈರ್ಯದ ಪಾಠ ಹೇಳುವುದು ಬತ್ತಿದ ಬಾವಿಗೆ ಹಗ್ಗ ಉದ್ದ ಮಾಡಿದಂತೆ. ಪೋಪ್ ಹದಿಮೂರನೇ ಲಿಯೋ ಅವರು 1891ರ ‘ರೇರುಮ್ ನೋವಾರುಮ್’ ವಿಶ್ವಪತ್ರದಲ್ಲಿ, ವಿಶ್ರಾಂತಿಯ ಪ್ರಮಾಣವು ಕೆಲಸದ ಸ್ವರೂಪವನ್ನು ಅನುಸರಿಸಬೇಕೆಂದರು; ಗಣಿ ಕಾರ್ಮಿಕರ ದುಡಿಮೆಯ ಅವಧಿ ಕಡಿಮೆಯಿರಬೇಕೆಂದರು. ನಮ್ಮ ರಾಜ್ಯದಲ್ಲಾದರೋ 2024ರ ಜುಲೈನಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಗಳವರೆಗೆ ವಿಸ್ತರಿಸುವ ಪ್ರಸ್ತಾಪ ಬಂದು, ನೌಕರರ ಸಂಘಟನೆ ಪ್ರತಿಭಟಿಸಬೇಕಾಯಿತು. ನಿಶ್ಚಿತ ಪಾಳಿ, ತುರ್ತು ಕರೆಗೆ ಸರದಿಯ ವ್ಯವಸ್ಥೆ, ದೊಡ್ಡ ದಾಳಿಯನ್ನು ಎದುರಿಸಿದವರಿಗೆ ಕಡ್ಡಾಯ ರಜೆ: ಇವು ಮಾಲೀಕರ ಔದಾರ್ಯವಲ್ಲ, ಕರ್ತವ್ಯ.

ಮನೆಯವರಿಗೂ ಕರ್ತವ್ಯವಿದೆ. ರಾತ್ರಿ ದುಡಿದು ಹಗಲು ಮಲಗಿದ ಮಗನನ್ನು ಸೋಮಾರಿಯೆನ್ನಬಾರದು. ಸಂಕಟ ಹೇಳಿಕೊಳ್ಳುವ ಸೊಸೆಗೆ “ಸಂಬಳ ಚೆನ್ನಾಗಿದೆಯಲ್ಲ” ಎಂದು ಬಾಯಿ ಮುಚ್ಚಿಸಬಾರದು. ನಿದ್ರಾಹೀನತೆ, ಸಿಡುಕು, ಮೌನ ಮುಂದುವರಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ನೆರವು ಕೇಳುವುದರಲ್ಲಿ ನಾಚಿಕೆಯಿಲ್ಲವೆಂದು ಮೊದಲು ಹೇಳಬೇಕಾದವರು ತಂದೆತಾಯಿಗಳು.