ಉದ್ದ ಕೈಯ ಹಿಟಾಚಿಯೂ ಊರ ಕೆರೆಯೂ

ಕಳೆದ ರಜೆಯಲ್ಲಿ ಮದುವೆಯೊಂದರ ನಿಮಿತ್ತ ನಾವು ಪೊಳ್ಳಾಚಿ ಸಮೀಪದ ನೆಗಮಂಗೆ ಹೋಗಿದ್ದೆವು. ಕೈಮಗ್ಗದ ಹತ್ತಿ ಸೀರೆಗೆ ಹೆಸರಾದ ಊರು ಅದು. ಕೊಯಮತ್ತೂರು ಸೀಮೆಯ ದೇವಾಂಗ ನೇಕಾರರಲ್ಲಿ ಅನೇಕರ ಮನೆಮಾತು ಇಂದಿಗೂ ಕನ್ನಡವೇ. 1799ರ ತನಕ ಮೈಸೂರಿನ ಆಳ್ವಿಕೆಯಲ್ಲಿದ್ದು, ಅನಂತರ ಮದರಾಸಿಗೆ ಸೇರಿ, 1956ರಲ್ಲಿ ಕನ್ನಡ ರಾಜ್ಯದ ಹೊರಗುಳಿದ ನೆಲ ಅವರದು. ನಮ್ಮ ಕಾಸರಗೋಡಿನ ಕತೆಯೂ ಹೆಚ್ಚುಕಡಿಮೆ ಅದೇ ಅಲ್ಲವೆ?

ಊಟದ ಪಂಕ್ತಿ ಎದ್ದ ಮೇಲೆ ಅಲ್ಲಿನ ಹಿರಿಯರು ಚರ್ಚಿಸುತ್ತಿದ್ದುದು ಚಿನ್ನದ ಧಾರಣೆಯನ್ನಲ್ಲ. ಕೆರೆ, ಕಾಲುವೆಗಳ ಹೂಳೆತ್ತಲು ಉದ್ದ ಕೈಯ ಹಳೆಯ ಹಿಟಾಚಿಯೊಂದನ್ನು ಹತ್ತಾರು ಮಂದಿ ಸೇರಿ ಕೊಳ್ಳುವ ವಿಚಾರವನ್ನು. ಯಾವ ಕಂಪೆನಿಯದೇ ಆಗಲಿ, ಚೈನಿನ ಮೇಲೆ ನಡೆಯುವ ಅಗೆಯುವ ಯಂತ್ರಕ್ಕೆ ನಮ್ಮಲ್ಲಿ ಹಿಟಾಚಿ ಎಂದೇ ಹೆಸರು ಬಿದ್ದಿದೆಯಷ್ಟೆ. ಬಾಡಿಗೆಯ ಯಂತ್ರ ಬೇಕಾದಾಗ ಬರುವುದಿಲ್ಲ, ಬಂದರೆ ಗಂಟೆಯ ಲೆಕ್ಕ ಹತೋಟಿಗೆ ಸಿಗುವುದಿಲ್ಲ ಎಂಬುದು ಅವರ ಅಂಬೋಣ.

ಯೋಚನೆ ತಪ್ಪಲ್ಲ. 20 ಟನ್ನಿನ ಸಾಮಾನ್ಯ ಯಂತ್ರದ ಕೈ ಸುಮಾರು 10 ಮೀಟರು ಚಾಚಿದರೆ ಉದ್ದ ಕೈಯದು 15ರಿಂದ 18 ಮೀಟರು ಚಾಚುತ್ತದೆ. ಕೆಸರಿಗೆ ಇಳಿಯದೆ ಏರಿಯ ಮೇಲೆ ನಿಂತೇ ಹೂಳನ್ನೂ ಅಂತರಗಂಗೆಯನ್ನೂ ಎಳೆದು ಹಾಕಬಹುದು. ಆದರೆ ಕೈ ಉದ್ದವಾದಷ್ಟೂ ಬಲ ಕಡಿಮೆ. ಅದರ ಬಕೆಟ್ಟು ಸಾಮಾನ್ಯದ್ದರ ಅರ್ಧದಷ್ಟು ಮಾತ್ರ. ಮೆದು ಹೂಳಿಗೆ ಅದು ಸರಿ, ಗಟ್ಟಿ ನೆಲ ಅಗೆಯಲು ಸಲ್ಲದು. ಏರಿ ದುರ್ಬಲವಾಗಿದ್ದರಂತೂ ಯಂತ್ರದ ಭಾರಕ್ಕೇ ಕುಸಿದೀತು.

ಹಳೆಯದನ್ನು ಕೊಳ್ಳುವವರು ಹೊಸ ಬಣ್ಣ ನೋಡಿ ಮರುಳಾಗಬಾರದು. ಉದ್ದ ಕೈ ಕಾರ್ಖಾನೆಯಲ್ಲೇ ಜೋಡಿಸಿದ್ದೋ, ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕಿಸಿ ಬೆಳೆಸಿದ್ದೋ? ಹಿಂಬದಿಯ ತೂಕದ ಗುಂಡು ಆ ಉದ್ದಕ್ಕೆ ತಕ್ಕದ್ದೋ? ಬೆಸುಗೆಯ ಬಳಿ ಬಿರುಕಿದೆಯೋ? ಚೈನು ಎಷ್ಟು ಸವೆದಿದೆ, ಮೈ ತಿರುಗುವಾಗ ಬುಡ ಅಲುಗುತ್ತದೆಯೋ? ಇಂಜಿನು ಬಿಸಿಯಾದ ಮೇಲೆ ಕೈಯೆತ್ತಿ ನಿಲ್ಲಿಸಿದರೆ ತಾನಾಗಿ ಇಳಿಯುತ್ತದೆಯೋ? ಗಂಟೆ ತೋರಿಸುವ ಮೀಟರನ್ನು ಬದಲಿಸಬಹುದು, ಸವೆದ ಕಬ್ಬಿಣವನ್ನು ಮರೆಸುವುದು ಕಷ್ಟ. ಮಾರುವವನ ಪರಿಚಯದ ಮೆಕ್ಯಾನಿಕನನ್ನು ಬಿಟ್ಟು ನಮ್ಮವನನ್ನು ಕರೆದೊಯ್ಯುವುದು ಮೇಲು.

ಇಷ್ಟೆಲ್ಲ ನೋಡಿದ ಮೇಲೂ ಮುಖ್ಯ ಪ್ರಶ್ನೆ ಉಳಿಯುತ್ತದೆ: ವರ್ಷಕ್ಕೆ ಎಷ್ಟು ದಿನ ಅದಕ್ಕೆ ಕೆಲಸ? ಕೆರೆಯ ಹೂಳು ತೆಗೆಯುವುದು ಬೇಸಗೆಯಲ್ಲಿ. ಉಳಿದ ತಿಂಗಳು ಯಂತ್ರ ಮಳೆಯಲ್ಲಿ ನೆನೆಯುತ್ತ ನಿಂತರೆ ಇಲಿ ವಯರು ಕಡಿಯುತ್ತದೆ, ಸೀಲು ಒಣಗುತ್ತದೆ. ಅದು ಬಿಳಿಯಾನೆಯಾಗುವುದು ಹೀಗೆ. ಪೊಳ್ಳಾಚಿ ಸೀಮೆಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಪರಂಬಿಕುಳಂ-ಆಳಿಯಾರ್ ಯೋಜನೆಯ ನೀರು ನಾಲ್ಕು ವಲಯಗಳಿಗೆ ಸರದಿಯಂತೆ ಹರಿಯುತ್ತದೆ. ಒಂದು ವಲಯಕ್ಕೆ ನೀರು ಬಿಟ್ಟಾಗ ಉಳಿದವುಗಳ ಕಾಲುವೆಗಳಿಗೆ ಬಿಡುವು. ಇಲಾಖೆಯ ಅನುಮತಿ ಪಡೆದು ಹಲವು ಪಂಚಾಯತುಗಳು ಒಂದಾದರೆ ಯಂತ್ರಕ್ಕೆ ವರ್ಷದ ಹೆಚ್ಚಿನ ದಿನ ಕೆಲಸವಿದ್ದೀತು. ಒಂದೇ ಊರಿಗಾದರೆ ಬಾಡಿಗೆಯೇ ಲೇಸು.

ಕೂಡಿ ದುಡಿಯುವುದು ಆ ನಾಡಿಗೆ ಹೊಸತೇನಲ್ಲ. ಊರ ಕೆರೆಯನ್ನು ಊರವರೇ ಕಾಯುವ ಕ್ರಮಕ್ಕೆ ಅಲ್ಲಿ ಕುಡಿಮರಾಮತ್ತು ಎಂಬ ಹಳೆಯ ಹೆಸರಿದೆ. 2017ರಲ್ಲಿ ತಮಿಳುನಾಡು ಸರಕಾರ ಅದೇ ಹೆಸರಿನಲ್ಲಿ ಯೋಜನೆ ಆರಂಭಿಸಿ ರೈತರ ಪಾಲನ್ನೂ ಅದಕ್ಕೆ ಸೇರಿಸಿತು. ದುಡ್ಡೋ ದುಡಿಮೆಯೋ, ತನ್ನದೊಂದು ಪಾಲು ಕೊಟ್ಟವನು ಮಾತ್ರ ಕೆಲಸದ ಲೆಕ್ಕ ಕೇಳುತ್ತಾನೆ.

ಲೆಕ್ಕ ಕೇಳದೆ ನಾವು ಕೆಟ್ಟ ಸಂಗತಿಯನ್ನೂ ಹೇಳಿಬಿಡಬೇಕು. ನಮ್ಮ ಶಾಲೆಯ ಕೆಳಗೆ ಒಂದು ಪಳ್ಳವಿದೆ. ಅದು ತುಂಬಿದರೆ ಶಾಲೆಯ ಬಾವಿಯಲ್ಲಿ ಎಪ್ರಿಲ್ ತನಕ ನೀರು. ಕೆಲವು ವರ್ಷಗಳ ಹಿಂದೆ ಬಾಡಿಗೆಯ ಯಂತ್ರ ಬಂತು, ಎರಡೇ ದಿನದಲ್ಲಿ ಕೆಲಸ ಮುಗಿಯಿತು. ತೆಗೆದ ಹೂಳನ್ನು ದಂಡೆಯ ಮೇಲೆಯೇ ರಾಶಿ ಹಾಕಿದ್ದರು. ಜೂನ್ ತಿಂಗಳ ಮೊದಲ ಮಳೆಗೆ ಅದೆಲ್ಲ ಮತ್ತೆ ಒಳಗೆ ಇಳಿಯಿತು. ಹೂಳಿನ ಜೊತೆ ತಳದ ಜೇಡಿಮಣ್ಣನ್ನೂ ಕಿತ್ತಿದ್ದರಿಂದ ಈಗ ನೀರೂ ನಿಲ್ಲುತ್ತಿಲ್ಲ. ಫೆಬ್ರವರಿಗೇ ಬಾವಿಯ ತಳ ಕಾಣುತ್ತದೆ, ಮಕ್ಕಳು ಮನೆಯಿಂದ ಬಾಟಲಿ ಹೊತ್ತು ತರುತ್ತಾರೆ. ಹೂಳನ್ನು ಎಲ್ಲಿಗೆ ಸಾಗಿಸಬೇಕು, ಎಷ್ಟು ಆಳ ತೆಗೆಯಬೇಕು ಎಂದು ಕರಾರಿನಲ್ಲಿ ಇತ್ತೋ ಇಲ್ಲವೋ ನಾವು ಕಾಣೆವು. ಮಲಯಾಳದಲ್ಲಿದ್ದ ಆ ಕಾಗದವನ್ನು ಓದಲಾರದೆ, ಕೇಳಲು ನಾಚಿ, ಊರ ಸಮಿತಿಯ ಪರವಾಗಿ ಸಹಿ ಹಾಕಿದವರಲ್ಲಿ ನಾವೂ ಒಬ್ಬರು. ಮಕ್ಕಳಿಗೆ ಓದಿ ಅರ್ಥಮಾಡಿಕೊಂಡು ಬರೆಯಿರಿ ಎನ್ನುವ ಮೇಷ್ಟ್ರ ಕತೆ ಇದು!

1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ಆ ಹಕ್ಕನ್ನು ನಾವು ಹೆಚ್ಚಾಗಿ ನೆನೆಯುವುದು ಸಭೆಯ ಭಾಷಣಗಳಲ್ಲಿ. ಕೆರೆಯ ಕರಾರಿನ ಕನ್ನಡ ಪ್ರತಿ ಕೇಳುವುದು ಭಾಷಾಭಿಮಾನದ ಮಾತಲ್ಲ, ನೀರಿನ ಮಾತು.

ನಮ್ಮ ಪಳ್ಳ, ಮದಕ, ತೋಡುಗಳು ಸಣ್ಣವು. ಹೆಚ್ಚಿನವುಗಳಿಗೆ ಉದ್ದ ಕೈಯ ಯಂತ್ರ ಬೇಕಾಗದು. ಸಣ್ಣ ಯಂತ್ರ, ಉಳಿದುದಕ್ಕೆ ಹಾರೆ ಬುಟ್ಟಿ ಸಾಕು. ಆದರೆ ಕೊಳ್ಳಲಿ, ಬಾಡಿಗೆಗೆ ತರಲಿ, ಮೂರು ಮಾತು ಮೊದಲೇ ಬರಹದಲ್ಲಿರಲಿ: ಎಷ್ಟು ಆಳ, ಹೂಳು ಯಾರ ತೋಟಕ್ಕೆ, ಕೀಲಿಕೈಯೂ ಡೀಸಿಲಿನ ಪುಸ್ತಕವೂ ಯಾರ ಕೈಯಲ್ಲಿ. ಆ ಬರಹವನ್ನು ಊರವರು ಓದಬಲ್ಲ ಅಕ್ಷರದಲ್ಲಿ ಪಂಚಾಯತಿನ ಹಲಗೆಗೆ ಅಂಟಿಸಲಿ.

ನೆಗಮಂನ ಹಿರಿಯರಿಗೂ ಬೀಳ್ಕೊಡುವಾಗ ಇದನ್ನೇ ಹೇಳಿ ಬಂದೆವು. ಬರುವ ಗ್ರಾಮಸಭೆಯಲ್ಲಿ ನಮ್ಮ ಪಳ್ಳದ ವಿಷಯ ಮತ್ತೆ ಬರಲಿದೆ. ಈ ಸಲ ಓದದೆ ಸಹಿ ಹಾಕುವುದಿಲ್ಲ. ಓದುಗರೂ ಹಾಕಬಾರದೆಂದು ನಮ್ಮ ವಿನಂತಿ.